ಕೊರೆಯದ ಕಲ್ಲು

ನನ್ನ ಮಂಚದ ಕಾಲ್ದೆಸೆಯ ಗೋಡೆಗೆ ಅತ್ತೆಯವರು ಬೆಣ್ಣೆಕೃಷ್ಣನ ಪಟ ತೂಗುಹಾಕಿದ್ದು ನಾನು ಎರಡನೆಯ ಸಲ ಬಸುರಿಯಾದಾಗ. ನಮ್ಮ ಯಜಮಾನರು ಕಂಬಳಿ ವ್ಯಾಪಾರಕ್ಕೆ ಸಿರಾ ಪೇಟೆಗೆ ಹೋದಾಗಲೆಲ್ಲ ಮನೆಗೆ ಏನಾದರೂ ತರುತ್ತಿದ್ದರು. ಆ ಸಲ ತಾಯಿ ಹೇಳಿ ಕಳಿಸಿದ್ದರಿಂದ ಈ ಪಟ ಬಂತು. ಗಾಜು ಕೂರಿಸಿ ಕಟ್ಟು ಹಾಕಿದ ಪಟ. ಬೆಳ್ಳಗೆ, ದುಂಡಗೆ, ಕೆನ್ನೆಯಲ್ಲಿ ಗುಳಿ ಬಿದ್ದ ಮಗು, ಕೈಯಲ್ಲಿ ಬೆಣ್ಣೆಯ ಉಂಡೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅದನ್ನೇ ನೋಡಬೇಕು, ಬೇರೆ ಕಡೆ ಕಣ್ಣು ಹಾಯಬಾರದು ಎಂದು ಕಟ್ಟಪ್ಪಣೆಯಾಯಿತು. ನಮ್ಮದು ಲಿಂಗ ಕಟ್ಟುವ ಮನೆ. ಶಿವಪೂಜೆಯವರ ಮನೆಯಲ್ಲಿ ಕೃಷ್ಣನ ಪಟವೇ ಎಂದು ನೆರೆಯವರೊಬ್ಬರು ಕೇಳಿದ್ದಕ್ಕೆ ಅತ್ತೆಯವರು, "ನಮ್ಮಪ್ಪ ಶಿವ ಮೈಗೆಲ್ಲ ಬೂದಿ ಬಳ್ಕಂಡು, ಹಾವು ಸುತ್ಕಂಡು ಕುಂತವ್ನೆ. ಬಸುರಿ ಹೆಂಗಸಿಗೆ ಅದನ್ನ ತೋರ್ಸಕ್ಕಾಗ್ತದಾ?" ಎಂದಿದ್ದರು.

ಬಸುರಿಯ ಕಣ್ಣಿಗೆ ಬಿದ್ದದ್ದು ಕೂಸಿನ ಮೈಗೆ ಇಳಿಯುತ್ತದೆ ಎನ್ನುವುದು ಪಾವಗಡದ ನಮ್ಮ ಬೀದಿಯಲ್ಲಿ ಯಾರೂ ಎದುರು ಹೇಳದ ಮಾತು. ಚೆಂದದ್ದು ನೋಡಿದರೆ ಚೆಂದದ ಮಗು, ವಿಕಾರ ನೋಡಿದರೆ ವಿಕಾರ. ಮೊದಲ ಬಸುರಿನಲ್ಲಿ ನಾನು ಇದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮನೆಯ ಹಿತ್ತಲಿಗೆ ಬಂದರೆ ಎದುರಿಗೇ ಊರಿನ ಬೆಟ್ಟ. ಮಧ್ಯಾಹ್ನದ ಮುಸುರೆ ತೊಳೆದು, ಮೊರದಲ್ಲಿ ಕಡಲೆಕಾಯಿ ಸುಲಿಯುತ್ತಲೋ ಅವರೆಕಾಯಿ ಬಿಡಿಸುತ್ತಲೋ ಹಿತ್ತಲ ಜಗಲಿಯ ಮೇಲೆ ಕೂತು ಅದನ್ನು ನೋಡುತ್ತಿದ್ದೆ. ತವರು ಬಿಟ್ಟು ಬಂದು ಹೆಚ್ಚು ಕಾಲವಾಗಿರಲಿಲ್ಲ. ಆ ಊರಿನಲ್ಲಿ ನನ್ನನ್ನು ಏನೂ ಕೇಳದೆ, ಏನೂ ಹೇಳದೆ ಇದ್ದದ್ದು ಅದೊಂದೇ.

ಆ ಕೂಸು ತಿಂಗಳು ತುಂಬುವ ಮೊದಲೇ ಬಂತು. ಅಳಲಿಲ್ಲ. ಕೆಲವು ದಿನ ಯಾರೂ ಮಾತೆತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಾಣಂತಿ ಖಾರದ ಉಂಡೆಯನ್ನು ಕೈಗೆ ಕೊಡುತ್ತಾ ಅತ್ತೆಯವರು, "ದಿನಾ ಆ ಬೋಳು ಬಂಡೆ ನೋಡ್ಕಂಡು ಕುಂತ್ಕಂಬ್ತಿದ್ದೆ. ಕೂಸೂ ಕಲ್ಲಿನಂಗೆ ತಣ್ಣಗೆ ಬಂತು ನೋಡು," ಎಂದರು. ಬೈದು ಹೇಳಿದ ಮಾತಲ್ಲ ಅದು. ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೈದಿದ್ದರೆ ನಾನು ಒಳಗೊಳಗೇ ಎದುರು ಹೇಳಿಕೊಳ್ಳುತ್ತಿದ್ದೆನೇನೋ. ಅವರು ಅತ್ತುಕೊಂಡು ಹೇಳಿದ್ದರಿಂದ ನಂಬಿಬಿಟ್ಟೆ. ಅಂದಿನಿಂದ ಹಿತ್ತಲ ಬಾಗಿಲನ್ನು ನಾನೇ ಮುಂದಾಗಿ ಮುಚ್ಚುತ್ತಿದ್ದೆ. ನೀರು ಚೆಲ್ಲಲು ಹೋಗಬೇಕಾದರೆ ತಲೆ ತಗ್ಗಿಸಿಕೊಂಡು ಹೋಗಿ ಬರುತ್ತಿದ್ದೆ.

ಎರಡನೆಯ ಸಲ ಏಳು ತುಂಬುತ್ತಾ ಬಂದಾಗ, ಎಂಟಕ್ಕೆ ಬೀಳುವುದರೊಳಗೆ ನನ್ನನ್ನು ತವರಿಗೆ ಮುಟ್ಟಿಸಬೇಕೆಂದು ಮನೆಯಲ್ಲಿ ಮಾತಾಯಿತು. ನನ್ನ ತವರು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ. ಕರೆದೊಯ್ಯಲು ಬರಬೇಕಿದ್ದ ನಮ್ಮಣ್ಣ ಚಳಿಜ್ವರದಲ್ಲಿ ಮಲಗಿದ್ದ. ಯಜಮಾನರು ಸಂತೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಕೊನೆಗೆ ಹೊರಟವರು ದೊಡ್ಡತ್ತೆ. ದೊಡ್ಡತ್ತೆ ಎಂದರೆ ನಮ್ಮ ಮಾವನವರ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ನಿಂತವರು. ಒಣಕಲು ಮೈ, ಹಣೆ ತುಂಬ ವಿಭೂತಿ, ಮಾತು ಸ್ವಲ್ಪ ಜೋರು. ಅವರಿಗೆ ಮಕ್ಕಳೇ ಆಗಿರಲಿಲ್ಲವೆಂದು ನಾನು ತಿಳಿದಿದ್ದೆ.

ಆಗ ನಮ್ಮ ಕಡೆ ಮೋಟಾರು ಬಸ್ಸು ಇನ್ನೂ ಬಂದಿರಲಿಲ್ಲ. ಕಮಾನು ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ದಿಂಬು ಇಟ್ಟು ನನ್ನನ್ನು ಕೂರಿಸಿದರು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವಲಕ್ಕಿ, ಒಂದು ಮಗೆ ಮೊಸರು ಬುತ್ತಿಯಾಗಿ ಬಂದವು. ತೊಂದರೆಯಿದ್ದದ್ದು ದಾರಿಯದು. ಪಾವಗಡದಿಂದ ಮದ್ದಗಿರಿಯ ತನಕ ದಾರಿಯುದ್ದಕ್ಕೂ ಇರುವುದೇ ಬಂಡೆ. (ಮಧುಗಿರಿಗೆ ನಾವೆಲ್ಲ ಆಗ ಮದ್ದಗಿರಿ ಎಂದೇ ಅನ್ನುತ್ತಿದ್ದೆವು.) ಎಡಕ್ಕೆ ನೋಡಿದರೆ ಬೋಳು ಗುಡ್ಡ, ಬಲಕ್ಕೆ ನೋಡಿದರೆ ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತೆ ಗುಂಡುಕಲ್ಲು. ಅದಕ್ಕೆ ಅತ್ತೆಯವರು ಉಪಾಯ ಕಂಡುಹಿಡಿದರು. ಗಾಡಿಯ ಹಿಂದಿನ ಬಾಯಿಗೆ ದುಪ್ಪಟಿ ಕಟ್ಟಿದರು, ಮುಂದೆ ಗಾಡಿಯವನ ಬೆನ್ನಿಗೆ ಕಂಬಳಿ ಇಳಿಬಿಟ್ಟರು. ಬೆಣ್ಣೆಕೃಷ್ಣನ ಪಟವನ್ನು ಗೋಡೆಯಿಂದ ಇಳಿಸಿ ತಂದು ನನ್ನ ಮುಖಕ್ಕೆ ಎದುರಾಗಿ ಕಮಾನಿನ ಬಿದಿರಿಗೆ ತೂಗುಹಾಕಿದರು. ದೊಡ್ಡತ್ತೆಗೆ ಹೇಳಿದ್ದು ಇಷ್ಟು: ದಾರಿಯಲ್ಲಿ ಎಲ್ಲಿ ದೇವಸ್ಥಾನ ಸಿಕ್ಕರೂ ತೆರೆ ಸರಿಸಿ ಒಳ್ಳೊಳ್ಳೆಯ ವಿಗ್ರಹ ತೋರಿಸಬೇಕು, ಮಿಕ್ಕ ಕಡೆ ತೆರೆ ಎತ್ತಬಾರದು. ಕೊರೆದ ಕಲ್ಲನ್ನು ನೋಡಬಹುದು, ಕೊರೆಯದ ಕಲ್ಲನ್ನು ನೋಡಬಾರದು.

ಗಾಡಿಯವನು ನಾಗಲಮಡಿಕೆ ಕಡೆಯ ಮುದುಕ. ನಮ್ಮ ಜೊತೆ ಕನ್ನಡ ಆಡುತ್ತಿದ್ದ, ಎತ್ತುಗಳ ಜೊತೆ ತೆಲುಗು. ಯಾಕಪ್ಪ ಹಾಗೆ ಎಂದು ದೊಡ್ಡತ್ತೆ ಕೇಳಿದರೆ, "ಇವಕ್ಕೆ ಕನ್ನಡ ಬರಲ್ಲ ಕಣಮ್ಮ. ಮಡಕಶಿರಾ ಸಂತೇಲಿ ತಂದಿದ್ದು," ಎಂದ. ಸ್ವಲ್ಪ ದೂರ ಹೋದ ಮೇಲೆ ಅವನೇ, "ಇಲ್ಲಿಗೆ ಮಹಾರಾಜರ ಸೀಮೆ ಮುಗೀತು, ಇನ್ನ ಬ್ರಿಟಿಷ್‌ನೋರ್ದು," ಎಂದು ಕೂಗಿ ಹೇಳಿದ. ಇನ್ನಷ್ಟು ದೂರ ಹೋದ ಮೇಲೆ, "ಈಗ ತಿರ‍್ಗ ನಮ್ಮ ಮಹಾರಾಜ್ರು ಬಂದ್ರು," ಎಂದ. ಒಳಗೆ ಕೂತ ನನಗೆ ಎರಡು ಸೀಮೆಯೂ ಕಂಬಳಿಯ ವಾಸನೆಯೇ.

ಪಟ ಗಾಡಿಯ ಕುಲುಕಿಗೆ ಒಂದೇ ಸಮನೆ ಬಿದಿರಿಗೆ ಬಡಿಯುತ್ತಿತ್ತು. ಕೃಷ್ಣ ಎಡಕ್ಕೆ ಹೋಗುತ್ತಾನೆ, ಬಲಕ್ಕೆ ಬರುತ್ತಾನೆ, ಬೆಣ್ಣೆಯ ಉಂಡೆ ಮೇಲೇಳುತ್ತದೆ, ಕೆಳಗಿಳಿಯುತ್ತದೆ. ಅದನ್ನೇ ನೋಡಿ ನೋಡಿ ನನಗೆ ಹೊಟ್ಟೆ ತೊಳಸಿ ಬಂತು. ದುಪ್ಪಟಿಯನ್ನು ಎತ್ತಿ ಹೊರಗೆ ಬಗ್ಗುವುದಕ್ಕೂ ಇಲ್ಲ. ದೊಡ್ಡತ್ತೆ ನನ್ನ ಮುಖ ನೋಡಿ, ಪಟ ಬಿಚ್ಚಿ ಮೂಟೆಯ ಕೆಳಗೆ ತುರುಕಿದರು. "ಇವ್ನೂ ವಸಿ ನಿದ್ದೆ ಮಾಡ್ಲಿ ಬುಡು," ಎಂದರು.

ಆ ದಿನ ದಾರಿಯಲ್ಲಿ ಒಂದು ಕಡೆ ಗಾಡಿಯವನು, "ಅಮ್ಮಯ್ಯ, ಇಲ್ಲೊಂದು ಕೆತ್ತಿದ ಕಲ್ಲು ಐತೆ," ಎಂದು ನಿಲ್ಲಿಸಿದ. ದೊಡ್ಡತ್ತೆ ಸಂತೋಷದಿಂದ ದುಪ್ಪಟಿ ಸರಿಸಿದರು. ಬೇವಿನ ಮರದ ಕೆಳಗೆ ಓರೆಯಾಗಿ ನಿಂತ ವೀರಗಲ್ಲು. ಒಬ್ಬನ ಕತ್ತಿ ಇನ್ನೊಬ್ಬನ ಹೊಟ್ಟೆಯಲ್ಲಿ, ಕಾಲಡಿಯಲ್ಲಿ ಬಿದ್ದವನೊಬ್ಬ. "ಅಯ್ಯೋ ನಿನ್ನ, ಮುಚ್ಚೇ ಕಣ್ಣ, ಮುಚ್ಚೇ," ಎಂದು ದೊಡ್ಡತ್ತೆ ದುಪ್ಪಟಿ ಎಳೆದ ರಭಸಕ್ಕೆ ಕಟ್ಟಿದ ದಾರವೇ ಕಿತ್ತುಹೋಯಿತು. ಆಮೇಲೆ ಗಾಡಿಯವನನ್ನು ತರಾಟೆಗೆ ತೆಗೆದುಕೊಂಡರು. "ಕೆತ್ತಿದ ಕಲ್ಲು ಅಂದ್ರೆ ಎಂಥಾದ್ದಾದ್ರೂ ಸೈಯೇನಪ್ಪ?" ಅವನು, "ನನ್ಗೇನ್ ಗೊತ್ತಮ್ಮ. ನೀವು ಕೆತ್ತಿದ್ದು ಅಂದ್ರಿ, ಕೆತ್ತವ್ರೆ," ಎಂದ. ಅವರಿಬ್ಬರ ಮಾತಿಗೆ ನನಗೆ ನಗು ಬಂತು. ನಕ್ಕ ಮೇಲೆ ಹೆದರಿಕೆಯಾಯಿತು. ಆ ಕತ್ತಿಯೂ ಮೈಗೆ ಇಳಿಯುತ್ತದೆಯೋ ಏನೋ.

ರಾತ್ರಿ ಮಿಡಿಗೇಶಿಯಲ್ಲಿ ನೆಂಟರ ಮನೆಯಲ್ಲಿ ತಂಗಿ, ಬೆಳಿಗ್ಗೆ ಮತ್ತೆ ಹೊರಟೆವು. ಆ ಬೆಳಿಗ್ಗೆಯಿಂದ ಕೂಸು ಆಡಲಿಲ್ಲ.

ಇದನ್ನು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಳಗಿನ ಮಗು ದಿನಕ್ಕೆ ಎಷ್ಟೋ ಸಲ ಹೊರಳುತ್ತದೆ, ಪಕ್ಕೆಗೆ ಒದೆಯುತ್ತದೆ. ಅದು ಆಡುತ್ತಿದ್ದಾಗ ನಮಗೆ ಅದರ ಗಮನವೇ ಇರುವುದಿಲ್ಲ. ಸುಮ್ಮನಾದಾಗ ಬೇರೆ ಯಾವುದೂ ಗಮನಕ್ಕೆ ಬರುವುದಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕತ್ತಲಲ್ಲಿ ಕೂತೆ. ಹಿಂದಿನ ಸಲವೂ ಹೀಗೆಯೇ ಮೊದಲಾಗಿತ್ತು. ದೊಡ್ಡತ್ತೆಗೆ ಹೇಳಲಿಲ್ಲ. ಹೇಳಿದರೆ, ಏನು ನೋಡಿದೆ ಎಂದು ಕೇಳುತ್ತಾರೆ. ನಿಜಕ್ಕೂ ಅಂದು ಬೆಳಿಗ್ಗೆ ಮಿಡಿಗೇಶಿಯ ಮನೆಯ ಹೊಸ್ತಿಲು ದಾಟಿ ಗಾಡಿ ಹತ್ತುವಾಗ, ಎದುರಿಗಿದ್ದ ಬೆಟ್ಟದ ತುದಿ ನನ್ನ ಕಣ್ಣಿಗೆ ಬಿದ್ದಿತ್ತು.

ಮದ್ದಗಿರಿಗೆ ಬಂದದ್ದು ಹೊತ್ತು ನೆತ್ತಿಗೆ ಏರುವ ಮುಂಚೆ. ಅಲ್ಲಿ ಮಲ್ಲೇಶ್ವರನ ಗುಡಿ, ವೆಂಕಟರಮಣನ ಗುಡಿ ಪಕ್ಕಪಕ್ಕದಲ್ಲೇ ಇವೆ. ದೊಡ್ಡತ್ತೆ ಮೊದಲು ಮಲ್ಲೇಶ್ವರನಿಗೆ ಅಡ್ಡಬಿದ್ದು, "ಮಲ್ಲಪ್ಪ, ಬೇಜಾರ್ ಮಾಡ್ಕಬ್ಯಾಡ. ಪಕ್ಕದ ಮನೆಗೆ ಹೋಗಿ ಬತ್ತೀನಿ. ಕೂಸಿನ ವಿಚಾರ," ಎಂದು ಕೇಳಿಕೊಂಡು ನನ್ನನ್ನು ಆ ಕಡೆ ಕರೆದೊಯ್ದರು. ಅಲ್ಲಿನ ಮಂಟಪದ ಕಂಬಗಳನ್ನು ಒಂದೊಂದಾಗಿ ತೋರಿಸತೊಡಗಿದರು. ಅಂಬೆಗಾಲಿಡುವ ಕೃಷ್ಣ, ಕೊಳಲಿನ ಕೃಷ್ಣ, ಗಿಳಿ ಹಿಡಿದ ಹೆಂಗಸು, ಹೂಬಳ್ಳಿ. "ಆ ಕೆನ್ನೆ ನೋಡು. ಬೆರಳು ನೋಡು, ಬೆರಳಿಗೆ ಉಗುರು ಸೈತ ಮಾಡವ್ನೆ. ನೋಡಿದ್ಯಾ? ತಿರ‍್ಗ ಒಂದ್ಸಲ ನೋಡು."

ನೋಡಿದೆ. ಬಹಳ ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ, ಕೆತ್ತಿದವನ ಕೈಗೆ ಎಷ್ಟು ತಾಳ್ಮೆ ಇತ್ತೋ ಎಂದುಕೊಂಡೆ. ಆದರೆ ಅಂಬೆಗಾಲಿನ ಆ ಮಗುವಿನ ಮುಂದೆ ನಿಂತಷ್ಟು ಹೊತ್ತೂ ನನ್ನ ಎದೆ ಕುಸಿಯುತ್ತಲೇ ಹೋಯಿತು. ಆ ಮಗುವಿಗೆ ಏನೂ ಆಗುವುದಿಲ್ಲ. ಯಾವ ಜ್ವರವೂ ಬರುವುದಿಲ್ಲ, ಅದು ಯಾವಾಗಲೂ ನಗುತ್ತಿರುತ್ತದೆ. ಮುಂಚೆ ಎಷ್ಟೋ ಬಸುರಿಯರು ಬಂದು ನೋಡಿ ಹೋಗಿರಬೇಕು. ಅವರ ಮಕ್ಕಳು ಏನಾದರೋ ಅದಕ್ಕೆ ಗೊತ್ತಿಲ್ಲ. ಮನೆಯ ಪಟವೂ ಅಷ್ಟೇ, ಈ ಕಂಬವೂ ಅಷ್ಟೇ, ನನ್ನ ಹಾಗೆ ಆಗಬೇಕು ನಿನ್ನ ಮಗು ಎಂದು ನನ್ನನ್ನು ಕೇಳುತ್ತಿದ್ದವು. ನನ್ನ ಹೊಟ್ಟೆಯೊಳಗೆ ಆಗ ಏನೂ ಅಲುಗುತ್ತಿರಲಿಲ್ಲ. ಬಾವಲಿಯ ವಾಸನೆ, ಎಣ್ಣೆಯ ಕಮಟು, ಕತ್ತೆತ್ತಿ ನೋಡಿ ನೋಡಿ ತಲೆಸುತ್ತು. ಕಂಬಕ್ಕೆ ಒರಗಿದೆ. ದೊಡ್ಡತ್ತೆ ಗಾಬರಿಯಾಗಿ, "ಸಾಕು ಬುಡು, ಇವತ್ತಿಗೆ ಇಷ್ಟು ಚೆಂದ ಸಾಕು," ಎಂದು ಕರೆದುತಂದರು.

ಊಟ ಮಾಡಿ ಸ್ವಲ್ಪ ಮಲಗಿ, ಬಿಸಿಲು ಇಳಿದ ಮೇಲೆ ಹೊರಟೆವು. ಹಿಂಗಾರು ಮಳೆಯ ಕಾಲ. ಊರು ದಾಟಿ ಇನ್ನೂ ಹೆಚ್ಚು ದೂರ ಬಂದಿರಲಿಲ್ಲ, ಮಳೆ ಹೊಡೆಯಿತು. ಮೊದಲು ಗಾಳಿ, ಆಮೇಲೆ ಕಲ್ಲೆಸೆದ ಹಾಗೆ ಹನಿ. ದಾರಿ ಪಕ್ಕದಲ್ಲಿ ಅರವಟ್ಟಿಗೆಯ ಕಲ್ಲುಮಂಟಪ ಒಂದಿತ್ತು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಜಾಗ. ಗಾಡಿಯವನು ಎತ್ತು ಬಿಚ್ಚಿ ಮರದ ಮಗ್ಗುಲಿಗೆ ಕಟ್ಟಿದ. ದೊಡ್ಡತ್ತೆ ತಮ್ಮ ಸೆರಗಿನಿಂದ ನನ್ನ ತಲೆ ಮುಚ್ಚಿ ಮಂಟಪದೊಳಕ್ಕೆ ತಂದರು. ನಾವು ನೋಡುತ್ತಿದ್ದ ಹಾಗೆ ದುಪ್ಪಟಿಯನ್ನು ಗಾಳಿ ಕಿತ್ತುಕೊಂಡು ಹೋಗಿ ಕೆಸರಿಗೆ ಹಾಕಿತು. ಕಂಬಳಿ ನೆನೆದು ಎರಡಾಳು ಭಾರವಾಯಿತು. ಬಟ್ಟೆಯ ಮೂಟೆಯೂ ಒದ್ದೆ.

ಮಳೆ ಬೇಗನೆ ಬಿಟ್ಟಿತು. ಬಿಟ್ಟ ಕೂಡಲೇ ದೊಡ್ಡತ್ತೆಗೆ ಕಷ್ಟಕ್ಕಿಟ್ಟುಕೊಂಡಿತು. ಮಂಟಪಕ್ಕೆ ಗೋಡೆಯಿಲ್ಲ. ಕಂಬಗಳು ಬರಿಯ ಚಚ್ಚೌಕದ ಕಂಬಗಳು, ಅವುಗಳ ಮೇಲೆ ಒಂದು ಹೂವಿನ ಗೆರೆಯೂ ಇಲ್ಲ. ಎದುರಿಗೆ ಮದ್ದಗಿರಿಯ ಏಕಶಿಲೆಯ ಬೆಟ್ಟ, ಬೆನ್ನ ಹಿಂದೆ ಗುಂಡುಕಲ್ಲಿನ ಗುಡ್ಡ, ಆಚೆ ಈಚೆ ಬಂಡೆ. ಎತ್ತ ಮುಖ ಮಾಡಿ ಕೂರಿಸಿದರೂ ಕಲ್ಲೇ.

"ಕಣ್ಮುಚ್ಚು," ಎಂದರು.

ಮುಚ್ಚಿದೆ.

"ನಿನ್ನ ನಂಬಕ್ಕಾಗಲ್ಲ," ಎಂದು ನನ್ನ ಪಕ್ಕದಲ್ಲಿ ಕೂತು, ತಮ್ಮ ಅಂಗೈಯನ್ನೂ ನನ್ನ ಕಣ್ಣಿನ ಮೇಲೆ ಇಟ್ಟರು. ವಿಭೂತಿ, ಹೊಗೆಸೊಪ್ಪು, ಮಧ್ಯಾಹ್ನದ ಚಟ್ನಿಯ ಬೆಳ್ಳುಳ್ಳಿ, ಎಲ್ಲ ಸೇರಿದ ವಾಸನೆ. ಬಟ್ಟೆ ಒಣಗುವ ತನಕ ಹೀಗೆಯೇ ಕೂರುವುದೆಂದು ಅವರ ಲೆಕ್ಕ. ಆ ಸಂಜೆಯ ತೇವಕ್ಕೆ ಕಂಬಳಿ ಒಣಗುವುದು ಯಾವಾಗ?

"ಕೈ ನೋಯ್ತದೆ ದೊಡ್ಡತ್ತೆ, ಬುಡಿ. ನಾನೇ ಮುಚ್ಕಂಡಿರ‍್ತೀನಿ."

"ನೋಯ್ಲಿ. ನೀರು ಸೇದೋ ಕೈ."

ಬೆಳಿಗ್ಗೆಯಿಂದ ತಡೆದುಕೊಂಡಿದ್ದದ್ದು ಆ ಕೈಯ ಕೆಳಗೆ ತಡೆಯಲಿಲ್ಲ. ಎದುರಿಗೆ ಮುಖವಿದ್ದರೆ ಹೇಳುತ್ತಿರಲಿಲ್ಲ. ಕತ್ತಲಾಗಿದ್ದಕ್ಕೆ ಹೇಳಲು ಸುಲಭವಾಯಿತೇನೋ.

"ಯಾಕೇ, ಕೈ ಒದ್ದೆ ಆಯ್ತಲ್ಲ?" ಎಂದರು ದೊಡ್ಡತ್ತೆ.

"ಬೆಳಿಗ್ಗೆಯಿಂದ ಕೂಸು ಆಡಿಲ್ಲ ದೊಡ್ಡತ್ತೆ."

ಅವರು ಇನ್ನಷ್ಟು ಹತ್ತಿರ ಸರಿದು ಕೂತರು. ಕೈ ತೆಗೆಯಲಿಲ್ಲ. ಸುತ್ತ ಎಲ್ಲೆಲ್ಲೂ ತೊಟ್ಟಿಕ್ಕುವ ಸದ್ದು. ಅದರ ಆಚೆ, ದೂರದಲ್ಲಿ, ಒಂದೇ ಸಮನೆ ಇನ್ನೊಂದು ಸದ್ದು. ತುಂಬಿದ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡಿದರೆ ಬರುತ್ತದಲ್ಲ, ಆ ಥರದ್ದು.

ಹೊರಗಿನಿಂದ ಗಾಡಿಯವನು, "ಅಮ್ಮಯ್ಯ, ಬೆಟ್ಟ ನೋಡ್ರಮ್ಮ," ಎಂದ.

"ನಾವು ಬೆಟ್ಟ ನೋಡಕ್ಕೆ ಬಂದಿಲ್ಲ ಕಣಪ್ಪ."

"ನೀವು ಬರ‍್ದಿದ್ರೂ ಅದು ಅಲ್ಲೇ ಐತಲ್ಲಮ್ಮ," ಎಂದ ಅವನು.

"ಏನದು ಸದ್ದು?" ಎಂದು ನಾನು ಕೇಳಿದೆ.

"ನೀರು. ಬೆಟ್ಟದ ಮೇಲಿಂದ ನೀರು ಇಳೀತಾ ಐತೆ." ದೊಡ್ಡತ್ತೆ ಮತ್ತೆ ಅಂದರು, "ಒಂದ್ ಕಡೆ ಅಲ್ಲ. ಮೈಯೆಲ್ಲಾ. ಎಮ್ಮೆ ಮೈ ತೊಳೆದಂಗೆ. ಅಲ್ಲ ಅಲ್ಲ, ಎಮ್ಮೆಯಂಗಲ್ಲ. ಮಜ್ಜಿಗೆ ಕಡೆಯುವಾಗ ಕಡಗೋಲು ಎತ್ತಿದ್ರೆ ಎಳೆ ಇಳೀತದಲ್ಲ, ಅಂಗೆ. ಬಿಸಿಲು ಬೇರೆ ಬಂತು. ಒಂದ್ ಮಗ್ಗಲು ಕೆಂಪಗಾಯ್ತು. ಮೋಡ ಒಂದು ಹೆಗಲ ಮೇಲೆ ಕುಂತೈತೆ, ಇಳಿಯಕ್ಕೂ ಒಲ್ಲದು..."

ಅಲ್ಲಿಗೆ ಮಾತು ನಿಂತುಹೋಯಿತು. ಮಾತಿಗೆ ಯಾವತ್ತೂ ತಡವರಿಸದ ಹೆಂಗಸು ಅವರು.

"ಆಮೇಲೆ?" ಎಂದೆ.

"ನನ್ಗೆ ಹೇಳಕ್ಕೆ ಬರಲ್ಲ ಕಣೇ. ನೀನೇ ನೋಡ್ಕ," ಎಂದು ಕೈ ತೆಗೆದುಬಿಟ್ಟರು.

ನಾನು ತಕ್ಷಣ ಕಣ್ಣು ಬಿಡಲಿಲ್ಲ. ಬಿಟ್ಟರೆ ಏನಾಗುತ್ತದೋ ಎಂಬ ಭಯ ದೊಡ್ಡದಾಗಿತ್ತು. ಕೂಸು ಮೊದಲೇ ಸುಮ್ಮನಿದೆ. "ನೋಡ್ಬೌದಾ ದೊಡ್ಡತ್ತೆ?" ಎಂದು ಕೇಳಿದೆ.

"ನೋಡು. ನಾ ಹೇಳ್ತಿದೀನಿ ನೋಡು. ಹೊಣೆ ನಂದು."

ನೋಡಿದೆ.

ಅದನ್ನು ನಾನು ಹೇಗೆ ಬರೆಯಲಿ? ದೊಡ್ಡತ್ತೆ ಅಲ್ಲಿಯೇ ಕೂತು ನೋಡುತ್ತಾ ಹೇಳಲಾರದ್ದನ್ನು ನಾನು ಇಷ್ಟು ವರ್ಷದ ಮೇಲೆ ಹೇಳುವುದು ಕಷ್ಟ. ಬೆಟ್ಟ ಒಂದೇ ಕಲ್ಲು. ಬುಡದಿಂದ ತುದಿಯ ತನಕ ಎಲ್ಲೂ ಸೇರಿಸಿದ ಗುರುತಿಲ್ಲ. ಯಾವ ಕಾಲದಲ್ಲೋ ಕಟ್ಟಿದ ಕೋಟೆಯ ಗೋಡೆ ಅದರ ಮೇಲೆ ಹರಿದಾಡಿದೆ. ದೊಡ್ಡ ದೊಡ್ಡ ಕಲ್ಲಿನ ಗೋಡೆ, ಹತ್ತಿರ ಹೋದರೆ ಎದೆ ನಡುಗಿಸುವಂಥದ್ದು. ಅಂದು ಅದು ಬೆಟ್ಟದ ಮೈಮೇಲೆ ಅಂಟಿದ ನೂಲಿನ ಹಾಗೆ ಕಂಡಿತು. ಕಲ್ಲು ನೆನೆದು ಕಪ್ಪು ನೀಲಿಯಾಗಿತ್ತು. ಅದರ ಮೇಲೆಲ್ಲ ನೀರಿನ ಬಿಳಿಯ ಎಳೆಗಳು. ಒಂದು ನಿಲ್ಲುತ್ತದೆ, ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ, ಎರಡು ಎಳೆ ಹತ್ತಿರ ಬಂದು ಕೂಡಿಕೊಂಡು ಅಗಲವಾಗಿ ಜಾರುತ್ತವೆ. ಪಡುವಣದ ಮೋಡ ಹರಿದು ಬಿಸಿಲು ಬಿದ್ದಾಗ ಇಡೀ ಕಲ್ಲು ಒಳಗಿನಿಂದ ಬೆಚ್ಚಗಾದ ಹಾಗೆ ಬಣ್ಣ ತಿರುಗಿತು. ತಣ್ಣಗಿನ ಕಲ್ಲು ಎಂದು ಅದನ್ನು ಯಾರೂ ಅನ್ನಲಾರರು. ಬುಡದಲ್ಲಿ ತಂಗಡಿ ಗಿಡಗಳು ಹಳದಿ ಹೂ ಹೊತ್ತು ಮಳೆಗೆ ಬಾಗಿದ್ದವು. ಎಲ್ಲಕ್ಕೂ ಮೇಲೆ, ರೆಕ್ಕೆ ಒಣಗಿಸಿಕೊಳ್ಳುತ್ತಾ ಹದ್ದೊಂದು ಸುತ್ತುತ್ತಿತ್ತು.

ಬೆಟ್ಟ ನನ್ನನ್ನು ಏನೂ ಕೇಳಲಿಲ್ಲ. ಹೀಗಿರು, ಹೀಗಾಗು ಎನ್ನಲಿಲ್ಲ. ನಾನು ನೋಡಲಿ ಎಂದು ಯಾರೂ ಅದನ್ನು ಮಾಡಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡಿದ್ದಾಗಲೂ ಆ ನೀರು ಹಾಗೆಯೇ ಇಳಿಯುತ್ತಿತ್ತು. ನನ್ನ ಕಣ್ಣಿಗೆ ಒಂದು ಜೀವ ಉಳಿಸುವ, ಕಳೆಯುವ ಶಕ್ತಿ ಇದೆಯೆಂದು ಅಷ್ಟು ದಿನ ಹೊತ್ತುಕೊಂಡಿದ್ದೆನಲ್ಲ, ಆ ಬೆಟ್ಟದ ಮುಂದೆ ಅದು ಎಷ್ಟು ಸಣ್ಣ ಮಾತಾಗಿ ಕಂಡಿತು. ಉಸಿರು ನಿಧಾನವಾಯಿತು. ಬೆನ್ನು ಕಂಬಕ್ಕೆ ಕೊಟ್ಟು, ಕಾಲು ಚಾಚಿ ಕೂತೆ.

ಆಮೇಲಿನ ವರ್ಷಗಳಲ್ಲಿ ನಾನು ಮಕ್ಕಳನ್ನು ಕಟ್ಟಿಕೊಂಡು ದೂರದೂರದ ಹೆಸರಾದ ದೇವಸ್ಥಾನಗಳಿಗೂ ಹೋಗಿದ್ದೇನೆ. ಕೂದಲೆಳೆಯ ಹಾಗೆ ಕೊರೆದ ಕೆಲಸ ನೋಡಿ ಬೆರಗಾಗಿದ್ದೇನೆ. ಹೊರಗೆ ಬಂದು ಚಪ್ಪಲಿ ಹುಡುಕುವಷ್ಟರಲ್ಲಿ ಆ ಬೆರಗು ಅರ್ಧ ಇಳಿದಿರುತ್ತದೆ. ಇದು ನನ್ನ ಕಣ್ಣಿನ ಕೊರತೆ ಇದ್ದೀತು. ಆದರೆ ಕೆಲಸ ಮಾಡುತ್ತಾ ಸುಸ್ತಾದಾಗ, ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಾಗ, ತಾನಾಗಿ ನೆನಪಿಗೆ ಬರುವುದು ನೆನೆದ ಆ ಬೋಳು ಬೆಟ್ಟ.

ದೊಡ್ಡತ್ತೆ ಬುತ್ತಿಯ ಗಂಟು ಬಿಚ್ಚಿದರು. ಅವಲಕ್ಕಿಗೂ ಮಳೆ ತಗುಲಿ ತಾನಾಗಿ ನೆಂದಿತ್ತು. "ಮಳೆರಾಯನೇ ನೆನೆಹಾಕವ್ನೆ, ತಿನ್ನು," ಎಂದು ಬೆಲ್ಲ ಪುಡಿಮಾಡಿ ಉದುರಿಸಿ ಕೊಟ್ಟರು. ಗಾಡಿಯವನಿಗೂ ಎಲೆಯಲ್ಲಿ ಹಾಕಿಕೊಟ್ಟರು. ಬೆಟ್ಟ ನೋಡುತ್ತಾ ತಿನ್ನುತ್ತಿದ್ದೆ. ಅರ್ಧ ತಿಂದಿದ್ದೆನೋ ಏನೋ, ಬಲಪಕ್ಕೆಯ ಕೆಳಗೆ ಒಂದು ಸಣ್ಣ ಹೊರಳು. ನಾನು ಕೈ ಎತ್ತಿಕೊಂಡು ಹಾಗೆಯೇ ಕೂತೆ. ಮತ್ತೊಂದು. ಆಮೇಲೆ ಚೆನ್ನಾಗಿ ಒಂದು ಒದೆ.

ನಾನು ಹೇಳಬೇಕಾಗಲಿಲ್ಲ. ದೊಡ್ಡತ್ತೆ ನನ್ನ ಮುಖ ನೋಡಿ ಅವಲಕ್ಕಿಯ ಕೈಯನ್ನೇ ತಂದು ಹೊಟ್ಟೆಯ ಮೇಲೆ ಇಟ್ಟರು. ಅವರ ಅಂಗೈಗೂ ಒದೆ ಬಿತ್ತು. "ಕಳ್ಳ ನನ್ಮಗಂದು," ಎಂದರು. ಕಣ್ಣು ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಬೆಲ್ಲ ಹಚ್ಚಿಕೊಂಡರು.

ಗಾಡಿಯ ಕುಲುಕಿಗೆ ತೊಟ್ಟಿಲಿನ ಹಾಗೆ ತೂಗಿ ಮಗು ಮಲಗಿಬಿಡುತ್ತದೆ, ಗಾಡಿ ನಿಂತು ತಾಯಿ ಕಾಲು ಚಾಚಿ ಉಂಡರೆ ಏಳುತ್ತದೆ ಎಂದು ಆಮೇಲೆ ಹೊಳವನಹಳ್ಳಿಯಲ್ಲಿ ನಮ್ಮಮ್ಮ ಹೇಳಿದಳು. ಅದೇ ನಿಜವಿರಬೇಕು. ಬೆಟ್ಟ ಎಬ್ಬಿಸಿತು ಎಂದು ನಾನು ಹೇಳುವುದಿಲ್ಲ. ಬೆಟ್ಟ ನೋಡಿದ್ದರಿಂದ ಕೂಸಿಗೆ ಏನೂ ಆಗಲಿಲ್ಲ, ನನಗೆ ಬೇಕಾಗಿದ್ದದ್ದು ಅಷ್ಟೇ.

ಅಷ್ಟಕ್ಕೆ ಧೈರ್ಯ ಬಂದು ಅಂದು ಆ ಮಂಟಪದಲ್ಲೇ ದೊಡ್ಡತ್ತೆಯನ್ನು ಕೇಳಿದೆ. "ಅಂಗಾದ್ರೆ ಮೊದಲ್ನೇ ಕೂಸು? ಅದು ನಾನು ನೋಡಿದ್ದಕ್ಕಲ್ವಾ?"

ದೊಡ್ಡತ್ತೆ ಬೆಲ್ಲದ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ನನ್ಗೂ ಆಗಿದ್ವು," ಎಂದರು. "ಮೂರು. ನಿನ್ಗೆ ಯಾರೂ ಹೇಳಿಲ್ಲ. ಮೊದಲ್ನೇದು ಹೋದಾಗ, ಎತ್ತಿನ ಹಗ್ಗ ದಾಟಿದ್ಲು ಅಂದ್ರು. ಎರಡ್ನೇದಕ್ಕೆ, ಗ್ರಹಣದಾಗೆ ನಕ್ಕಳು ಅಂದ್ರು. ನಕ್ಕಿದ್ದೂ ನೆನಪಿಲ್ಲ ನನ್ಗೆ. ಮೂರನೇದಕ್ಕೆ ಯಾರೂ ಏನೂ ಅನ್ನಲಿಲ್ಲ. ಹುಡುಕಿ ಹುಡುಕಿ ಸಾಕಾಗಿತ್ತು ಅವ್ರಿಗೂ."

"ಅದು ಸುಳ್ಳು ಅಂತ ಗೊತ್ತಿದ್ದೂ ನನ್ನ ಕಣ್ಣು ಯಾಕೆ ಮುಚ್ಚಿದ್ರಿ?"

"ಸುಳ್ಳು ಅಂತ ಎಲ್ಲಿ ಗೊತ್ತಿತ್ತೇ ನನ್ಗೆ? ನಿಜ ಇದ್ರೆ ಅನ್ನೋ ಭಯ. ನಿಮ್ಮತ್ತೆಗೂ ಅಷ್ಟೇಯ. ಕೂಸು ಹೋದಾಗ ಮನೆಯೋರಿಗೆ ಏನಾದ್ರೂ ಒಂದು ಹೇಳ್ಬೇಕಾಗ್ತದೆ. ಸುಮ್ಕಿರಕ್ಕೆ ಆಗಲ್ಲ. ನಿನ್ ಕಣ್ಣು ಏನೂ ಮಾಡ್ನಿಲ್ಲ ಕಣಮ್ಮ. ಅಳ್ತೀಯಾ? ಅಳು. ಆವಾಗ ಅಳಕ್ಕೆ ಬುಡ್ನಿಲ್ಲ ನಿನ್ನ."

ನಾನು ಅತ್ತುಬಿಟ್ಟೆ. ಗಾಡಿಯವನು ಎದ್ದು ಎತ್ತುಗಳ ಹತ್ತಿರ ಹೋಗಿ, ಅವುಗಳ ಕಿವಿಯಲ್ಲಿ ತೆಲುಗಿನಲ್ಲಿ ಏನೇನೋ ಹೇಳುತ್ತಾ ನಿಂತ.

ಅಲ್ಲಿಂದ ಮುಂದೆ ತೆರೆಯಿಲ್ಲದೆ ಹೋದೆವು. ಮರುದಿನ ದೊಡ್ಡತ್ತೆ ಗಾಡಿಯ ಮುಂದಿನ ಬಾಯಿಗೆ ಬಂದು ಕೂತು, ಅದೇನು ಗುಡ್ಡ, ಆ ಗುಂಡು ಬೀಳಲ್ವಾ, ಈ ಹೊಳೆಗೆ ಏನು ಹೆಸರು ಎಂದು ಗಾಡಿಯವನ ಜೀವ ತಿಂದರು. ಅವನು, "ಇಷ್ಟು ದಿನ ನೀವೂ ಮುಚ್ಕಂಡೇ ಕುಂತಿದ್ರೇನಮ್ಮ?" ಎಂದು ಕೇಳಿದ. "ಊ ಕಣಪ್ಪ," ಎಂದರು ದೊಡ್ಡತ್ತೆ.

ಹೆಣ್ಣುಮಗು ಹುಟ್ಟಿತು. ತಿಂಗಳು ತುಂಬಿ, ಅತ್ತುಕೊಂಡೇ ಬಂತು. ಕಪ್ಪಗಿತ್ತು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಅತ್ತೆಯವರು ಪಾವಗಡದಿಂದ ಬಂದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗೈಗೆ ಎಣ್ಣೆ ಸುರಿದುಕೊಳ್ಳುತ್ತಾ, "ಮೈ ಕೈ ಚೆನ್ನಾಗವೆ. ಯಾವ್ಯಾವ ಗುಡಿ ತೋರ್ಸಿದ್ರೇ ದಾರೀಲಿ?" ಎಂದು ಕೇಳಿದರು. ದೊಡ್ಡತ್ತೆ ಒಳಗೆ ಅಕ್ಕಿ ಆರಿಸುತ್ತಿದ್ದರು. ಅವರೇ ಉತ್ತರ ಹೇಳಿಯಾರು ಎಂದು ನಾನು ಒಂದು ಗಳಿಗೆ ಕಾದೆ. ಮೊರದ ಸದ್ದು ನಿಂತಿತು.

"ಗುಡೀನೂ ನೋಡಿದೆ ಅತ್ತೆ," ಎಂದೆ. "ಆದ್ರೆ ಜಾಸ್ತಿ ನೋಡಿದ್ದು ಮದ್ದಗಿರಿ ಬೆಟ್ಟ. ಕಣ್ತುಂಬಾ ನೋಡಿದೆ. ಕೂಸು ಅವತ್ತು ಚೆನ್ನಾಗಿ ಆಡ್ತು."

ಅತ್ತೆಯವರ ಕೈ ಮಗುವಿನ ಎದೆಯ ಮೇಲೆ ನಿಂತಿತು. ನನ್ನನ್ನು ನೋಡಿದರು. ಆಮೇಲೆ ಮಗುವಿನ ಮುಖ ನೋಡಿದರು. ಅದು ಅವರ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಬಿಡಿಸಿಕೊಳ್ಳಲು ಮೆಲ್ಲಗೆ ಎಳೆದರು. ಬಿಡಲಿಲ್ಲ.

"ಕಲ್ಲಾ," ಎಂದರು. ಇನ್ನೊಂದು ಸಲ ಎಳೆದು ನೋಡಿದರು. "ಗಟ್ಟಿಯಾಗಿರ‍್ಲಿ ಬುಡು."

ಮತ್ತೆ ಎಣ್ಣೆ ತೀಡತೊಡಗಿದರು. ಒಳಗೆ ಮೊರದಲ್ಲಿ ಅಕ್ಕಿ ಮತ್ತೆ ಸದ್ದು ಮಾಡಿತು.